ಮದನಪಲ್ಲಿಯಿಂದ ಗೌನಿಪಲ್ಲಿಗೆ, ಎಚ್.ಡಿ. ಕೋಟೆ ಮಾರ್ಗವಾಗಿ

(ಶಿಕ್ಷಕರ ವೃತ್ತಿ ಬೆಳವಣಿಗೆಯನ್ನು ಕುರಿತು ಕೋಲಾರ ಜಿಲ್ಲೆಯ ಗೌನಿಪಲ್ಲಿಯಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರ ಮುಂದೆ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಇಟ್ಟವರು ಇದೇ ಸೀಮೆಯಲ್ಲಿ ಪಾಠ ಹೇಳಿ ನಿವೃತ್ತರಾದ ಪ್ರಾಥಮಿಕ ಶಾಲೆಯ ಮೇಷ್ಟ್ರು. ವೇದಿಕೆಯ ಮೇಲೆ ತಮ್ಮ ಹೆಸರು ಎತ್ತಕೂಡದು, ಶಾಲು ಹೊದಿಸಕೂಡದು ಎಂಬುದು ಅವರ ಮೊದಲ ಷರತ್ತು. ಉಪನ್ಯಾಸ ಶಿಕ್ಷಕರ ಬಗ್ಗೆ ಇರಬೇಕು, ಆದರೆ ಶಿಕ್ಷಕರನ್ನು ಹೊಗಳಲಿಕ್ಕೆ ಇರಬಾರದು ಎಂಬುದು ಎರಡನೆಯದು. ವರ್ಷಕ್ಕೆ ಸಾಲುವಷ್ಟು ಹೊಗಳಿಕೆ ಸೆಪ್ಟೆಂಬರ್ 5ರ ಒಂದೇ ದಿನದಲ್ಲಿ ಸಂದಾಯವಾಗಿಬಿಡುವುದರಿಂದ ಈ ಷರತ್ತು ನನಗೂ ಹಿಡಿಸಿತು.

ನಾನು ಮಾತಾಡಬೇಕೆಂದುಕೊಂಡಿರುವುದು ಮೇಷ್ಟ್ರು ಬೆಳೆಯುವುದರ ಬಗ್ಗೆ. ಕೆಲಸಕ್ಕೆ ಸೇರಿದ ದಿನದ ಮೇಷ್ಟ್ರಿಗೂ ಇಪ್ಪತ್ತು ವರ್ಷ ಕಳೆದ ಮೇಲಿನ ಅದೇ ಮೇಷ್ಟ್ರಿಗೂ ಇರುವ ವ್ಯತ್ಯಾಸ ಏನು? ವಯಸ್ಸು, ಸಂಬಳ, ಸಾಲ, ಕನ್ನಡಕ ಬಿಟ್ಟು ಬೇರೇನಾದರೂ ಇದೆಯೇ? ಇದ್ದರೆ ಅದು ಎಲ್ಲಿ ದಾಖಲಾಗಿದೆ?

ಇಲಾಖೆಯ ಮಟ್ಟಿಗೆ ಅದು ದಾಖಲಾಗುವ ಜಾಗ ಸೇವಾ ಪುಸ್ತಕ. ನಾವು ಎಸ್.ಆರ್. ಎನ್ನುತ್ತೇವೆ. ಬಿಇಒ ಆಫೀಸಿನ ಬೀರುವಿನಲ್ಲಿ ಅದು ಇರುತ್ತದೆ. ಅದರೊಳಗೆ ಸೇವೆಗೆ ಹಾಜರಾದ ದಿನ ಪೂರ್ವಾಹ್ನವೋ ಅಪರಾಹ್ನವೋ ಎಂಬುದೂ ಬರೆದಿರುತ್ತದೆ. ವರ್ಷವರ್ಷದ ಇನ್‌ಕ್ರಿಮೆಂಟು ಇದೆ. 10 ವರ್ಷಕ್ಕೆ ಟೈಂಬಾಂಡ್, 15ಕ್ಕೆ ಒಂದು, 20ಕ್ಕೆ ಇನ್ನೊಂದು. ರಜೆ, ವರ್ಗಾವಣೆ, ಇಲಾಖಾ ಪರೀಕ್ಷೆ, ಎಲ್ಲವೂ ಸಹಿ ಮೊಹರಿನೊಡನೆ ಇವೆ. ಇಷ್ಟೆಲ್ಲ ಬರೆದಿರುವ ಪುಸ್ತಕದಲ್ಲಿ, ಈ ಮನುಷ್ಯ ಈ ವರ್ಷ ಭಿನ್ನರಾಶಿಯನ್ನು ಹೋದ ವರ್ಷಕ್ಕಿಂತ ಚೆನ್ನಾಗಿ ಕಲಿಸಿದ ಎಂದು ಬರೆಯಲು ಒಂದು ಕಾಲಂ ಇಲ್ಲ. ಇರಬೇಕು ಎಂದು ನಾನು ಕೇಳುತ್ತಲೂ ಇಲ್ಲ. ಕಾಲಂ ಮಾಡಿದರೆ ಅದನ್ನೂ ತುಂಬಿಬಿಡುತ್ತೇವೆ; ತುಂಬುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ.

ನನಗೆ ತೊಂದರೆ ಕೊಡುವ ವಿಷಯ ಬೇರೆ. ನಮ್ಮಲ್ಲಿ ಬೆಳವಣಿಗೆ ಎಂದರೆ ಬಡ್ತಿ, ಬಡ್ತಿ ಎಂದರೆ ಮಕ್ಕಳಿಂದ ಒಂದೊಂದು ಮಾರು ದೂರ ಸರಿಯುವುದು. ಸಹಶಿಕ್ಷಕರು ಮುಖ್ಯ ಶಿಕ್ಷಕರಾದರೆ ಅರ್ಧ ದಿನ ಬಿಸಿಯೂಟದ ಲೆಕ್ಕಕ್ಕೆ, ಇನ್ನರ್ಧ ಆನ್‌ಲೈನ್ ಎಂಟ್ರಿಗೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಆದರೆ ಬೈಕಿನ ಮೇಲೆ. ಬ್ಲಾಕ್ ಮಟ್ಟದ ಬಿಆರ್‌ಪಿ ಆದರೆ ತಾಲ್ಲೂಕು ಕೇಂದ್ರದಲ್ಲಿ. ಚೆನ್ನಾಗಿ ಪಾಠ ಮಾಡುವವರು ಎಂದು ಹೆಸರು ಬಂದ ಕೂಡಲೇ ಅವರನ್ನು ಪಾಠ ಮಾಡದ ಜಾಗಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ನಮ್ಮದು. ಒಳ್ಳೆಯ ಸರ್ಜನ್ ಸಿಕ್ಕರೆ ಆಸ್ಪತ್ರೆಯವರು ಅವರ ಕೈಯಿಂದ ಕತ್ತರಿ ಕಿತ್ತುಕೊಂಡು ಕಡತ ಕೊಡುತ್ತಾರೆಯೇ?

ಹಾಗಾದರೆ ಬಡ್ತಿಯಲ್ಲದ ಬೆಳವಣಿಗೆ ಹೇಗಿರುತ್ತದೆ? 1969ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಫುಲ್ಲರ್ ಎಂಬಾಕೆ ಒಂದು ಸರಳ ಮಾತು ಕಂಡುಹಿಡಿದರು. ಶಿಕ್ಷಕರನ್ನು ಏನು ಚಿಂತೆಗೀಡುಮಾಡುತ್ತದೆ ಎಂದು ಅವರು ಕೇಳುತ್ತಾ ಹೋದರು. ಹೊಸಬರ ಚಿಂತೆ ತಮ್ಮ ಬಗ್ಗೆಯೇ ಇತ್ತು: ಮಕ್ಕಳು ನನ್ನ ಮಾತು ಕೇಳುತ್ತಾರೆಯೇ, ಮೇಲಿನವರು ಏನೆನ್ನುತ್ತಾರೆ? ಆಮೇಲಿನ ಚಿಂತೆ ಕೆಲಸದ್ದು: ಪಾಠ ಮುಗಿಯುತ್ತದೆಯೇ, ಸಮಯ ಸಾಲುತ್ತದೆಯೇ? ಅದೂ ಹಿಡಿತಕ್ಕೆ ಬಂದ ಮೇಲೆ ಚಿಂತೆ ಮಗುವಿನ ಕಡೆಗೆ ತಿರುಗುತ್ತದೆ: ಈ ಹುಡುಗಿಗೆ ಯಾಕೆ ಅರ್ಥವಾಗಲಿಲ್ಲ? ಫುಲ್ಲರ್ ಹೇಳಿದ ಮೆಟ್ಟಿಲುಗಳನ್ನು ಎಲ್ಲರೂ ಅದೇ ಕ್ರಮದಲ್ಲಿ ಹತ್ತುತ್ತಾರೆಂದು ಇಂದು ಯಾರೂ ವಾದಿಸುವುದಿಲ್ಲ. ಆದರೂ ನಾನು ಅದನ್ನು ಉಪಯುಕ್ತ ಅಳತೆ ಎಂದೇ ತಿಳಿದಿದ್ದೇನೆ. ಶಿಕ್ಷಕರ ಕೊಠಡಿಯಲ್ಲಿ ಹತ್ತು ನಿಮಿಷ ಕೂತರೆ ಸಾಕು, ಯಾರ ಚಿಂತೆ ಎಲ್ಲಿ ನಿಂತಿದೆ ಎಂದು ತಿಳಿದುಹೋಗುತ್ತದೆ. ಮೂವತ್ತು ವರ್ಷ ಸರ್ವೀಸಾದ ಮೇಲೂ ಡಿಎ ಎರಿಯರ್ಸು, ವರ್ಗಾವಣೆಯ ಕೌನ್ಸೆಲಿಂಗು, ವಲಯದ ಲೆಕ್ಕದಲ್ಲೇ ಮಾತು ಸುತ್ತುತ್ತಿದ್ದರೆ ದೋಷ ಆ ಮನುಷ್ಯನದೊಂದೇ ಅಲ್ಲ. ಅವನ ಚಿಂತೆ ಮಗುವಿನ ಕಡೆ ತಿರುಗಲು ಯಾರೂ ಸಮಯ ಕೊಟ್ಟಿಲ್ಲ.

ಇನ್ನು ನಮ್ಮ ನೆಲಕ್ಕೆ ಬರುತ್ತೇನೆ. ಗೌನಿಪಲ್ಲಿಯವರಿಗೆ ಹೇಳಲೇಬೇಕಾದ ಕಥೆಯೊಂದಿದೆ. ಅದರ ಒಂದು ತುದಿ ನಿಮ್ಮಿಂದ ಒಂದು ಬಸ್ಸಿನ ದೂರದಲ್ಲಿದೆ.

ಆಂಧ್ರದ ಮದನಪಲ್ಲಿ ನಿಮಗೆ ಹೊಸದಲ್ಲ. ಸಂತೆಗೆ, ಆಸ್ಪತ್ರೆಗೆ, ಹೆಣ್ಣು ಕೊಟ್ಟು ತರುವುದಕ್ಕೆ ಗಡಿಯನ್ನು ನೀವು ಗಡಿಯೆಂದೇ ಬಗೆದವರಲ್ಲ. ಶಿಕ್ಷಣದ ನಕ್ಷೆಯಲ್ಲೂ ಆ ಊರು ದೊಡ್ಡದು. ಜಿಡ್ಡು ಕೃಷ್ಣಮೂರ್ತಿ ಹುಟ್ಟಿದ ಊರು ಅದು. 1919ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಯ ಬೆಸೆಂಟ್ ಥಿಯೊಸಾಫಿಕಲ್ ಕಾಲೇಜಿನಲ್ಲಿ ಕೆಲವು ದಿನ ಉಳಿದು ‘ಜನಗಣಮನ’ವನ್ನು ಇಂಗ್ಲಿಷಿಗೆ ಮಾಡಿದರು. ಪ್ರಾಂಶುಪಾಲರಾಗಿದ್ದ ಜೇಮ್ಸ್ ಕಸಿನ್ಸರ ಪತ್ನಿ ಮಾರ್ಗರೆಟ್ ಅದರ ಸ್ವರಲಿಪಿ ಬರೆದುಕೊಂಡರು. ಇದು ದಾರಿಯಲ್ಲಿ ಸಿಕ್ಕ ಮಾತು, ಬಿಡಿ. ಮದನಪಲ್ಲಿಯ ಹತ್ತಿರವೇ ಕೃಷ್ಣಮೂರ್ತಿಯವರ ಚಿಂತನೆಯಿಂದ ಬೆಳೆದ ರಿಷಿ ವ್ಯಾಲಿ ಶಾಲೆ ಇದೆ. ಹಣವಿದ್ದವರ ಮಕ್ಕಳು ದೂರದೂರದಿಂದ ಬಂದು ಓದುವ ಶಾಲೆ ಅದು. ನಾನು ಹೇಳಹೊರಟಿರುವುದು ಅದರ ಬಗ್ಗೆ ಅಲ್ಲ.

ಆ ಶಾಲೆಯ ಸುತ್ತಲಿನ ಹಳ್ಳಿಗಳಲ್ಲಿ 1980ರ ದಶಕದ ಕೊನೆಯಿಂದ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಬೇರೊಂದು ಕೆಲಸ ಹಿಡಿದರು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಎದುರಿಗೆ ಬೇರೆ ಬೇರೆ ತರಗತಿಯ ಮಕ್ಕಳು. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳ ಚಿತ್ರವೇ ಅದು. ಒಬ್ಬ ಮೇಷ್ಟ್ರು ಒಂದು ಗುಂಪಿಗೆ ಹೇಳುತ್ತಿದ್ದರೆ ಉಳಿದ ಗುಂಪು ಸುಮ್ಮನೆ ಕೂರುತ್ತದೆ, ಇಲ್ಲವೇ ಗಲಾಟೆ ಮಾಡುತ್ತದೆ. ಪಠ್ಯಪುಸ್ತಕವನ್ನು ಸಣ್ಣ ಸಣ್ಣ ತುಂಡುಗಳಾಗಿ ಬಿಡಿಸಿ, ಒಂದೊಂದು ತುಂಡನ್ನೂ ಒಂದೊಂದು ಕಾರ್ಡಾಗಿ ಮಾಡಿ, ಮಗು ತನ್ನ ವೇಗದಲ್ಲಿ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವ ಹಾಗೆ ಅವರು ಜೋಡಿಸಿದರು. ಆ ಕಾರ್ಡುಗಳಲ್ಲಿದ್ದದ್ದು ಅಲ್ಲಿಯದೇ ತೆಲುಗು, ಅಲ್ಲಿಯದೇ ಹಾಡು, ಒಗಟು, ಗಿಡಮರ. ಜ್ವರ ಬಂದು ಹತ್ತು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಕೂಲಿಗೆ ವಲಸೆ ಹೋಗುವ ಮನೆಯ ಮಗುವಿಗೆ ಇದು ಸಣ್ಣ ಅನುಕೂಲವಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳ ಸಣ್ಣ ತಂಡವೊಂದು ಇದನ್ನು ನೋಡಲು ಬಂತು. ಯುನಿಸೆಫ್ ಬೆಂಬಲ ಇತ್ತು. ಎಚ್.ಡಿ. ಕೋಟೆ ಎಂದರೆ ಕಾಡಂಚಿನ ತಾಲ್ಲೂಕು. ಜೇನುಕುರುಬರ ಹಾಡಿಗಳಿಂದ ಬರುವ ಮಕ್ಕಳು, ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ. ಆ ಮೇಷ್ಟ್ರುಗಳು ವಾಪಸು ಹೋಗಿ ತೆಲುಗು ಕಾರ್ಡನ್ನು ಕನ್ನಡಕ್ಕೆ ಇಳಿಸಿ ಕೈ ತೊಳೆದುಕೊಳ್ಳಲಿಲ್ಲ. ಕೂತು ತಾವೇ ಬರೆದರು. ತಮ್ಮ ಮಕ್ಕಳಿಗೆ ಯಾವ ಹಾಡು ಬರುತ್ತದೆ, ಯಾವ ಅಕ್ಷರ ಮೊದಲು ಕೈಗೆ ಸುಲಭ, ಯಾವ ಪದ ಬೇಗ ಕೂಡುತ್ತದೆ ಎಂದು ಯೋಚಿಸಿದರು. ‘ನಲಿ-ಕಲಿ’ ಹುಟ್ಟಿದ್ದು ಹೀಗೆ.

ಅದರ ಅಕ್ಷರದ ಸಾಲು ನಿಮಗೆ ಗೊತ್ತು. ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ. ನಮ್ಮ ಅಜ್ಜಂದಿರಿಗೆ ಇದು ಇವತ್ತಿಗೂ ಜೀರ್ಣವಾಗಿಲ್ಲ. ‘ಎರಡು ವರ್ಷ ಸ್ಕೂಲಿಗೆ ಹೋಗಿದ್ದಾನೆ, ಒಂದು ಅಕ್ಷರಮಾಲೆ ಒಪ್ಪಿಸೋಕೆ ಬರಲ್ಲ’ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ದೂರು ಬರುತ್ತದೆ. ಆದರೆ ಈ ಐದೇ ಅಕ್ಷರದಲ್ಲಿ ಮಗು ಅರಸ, ಅಗಸ, ಸರ, ಗರಗಸ ಎಂದು ಮೊದಲ ವಾರಗಳಲ್ಲೇ ಓದಿಬಿಡುತ್ತದೆ. ಐವತ್ತು ಅಕ್ಷರ ಬಾಯಿಪಾಠ ಮಾಡಿ ಮುಗಿಸುವವರೆಗೆ ಒಂದು ಪದವೂ ಓದದೆ ಕಾಯಬೇಕಾಗಿಲ್ಲ. ಇದನ್ನು ಕಂಡುಕೊಂಡವರು ತರಗತಿಯಲ್ಲಿ ನಿಂತಿದ್ದವರು ಎಂಬುದು ನನಗೆ ಮುಖ್ಯ.

ಮುಂದಿನದು ನಿಮಗೆಲ್ಲ ಗೊತ್ತಿರುವುದೇ. 2009-10ರಿಂದ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಗೋಡೆಗೆ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ ಬಳಿದೆವು. ಚಪ್ಪರ ಕಟ್ಟಿದೆವು. ಹವಾಮಾನ ನಕ್ಷೆ ತೂಗಿಹಾಕಿದೆವು. ಮಕ್ಕಳನ್ನು ಐದು ತಟ್ಟೆಗಳಾಗಿ, ಅಂದರೆ ಐದು ಗುಂಪುಗಳಾಗಿ ಕೂರಿಸಿದೆವು. ಕಾರ್ಡುಗಳು ಅಚ್ಚಾಗಿ, ಕಟ್ಟು ಕಟ್ಟಾಗಿ ಬಂದವು.

ಹೀಗೆ ಮದನಪಲ್ಲಿಯ ಪಕ್ಕದಲ್ಲಿ ಹುಟ್ಟಿದ ವಿದ್ಯೆ ಗೌನಿಪಲ್ಲಿಗೆ ಬಂದದ್ದು ಎಚ್.ಡಿ. ಕೋಟೆ, ಮೈಸೂರು, ಬೆಂಗಳೂರು ಸುತ್ತಿಕೊಂಡು, ಸುತ್ತೋಲೆಯ ಮೇಲೆ. ಬರುವುದೇನೋ ಬಂತು. ದಾರಿಯಲ್ಲಿ ಒಂದು ಸಾಮಾನು ಇಳಿದುಹೋಯಿತು. ಕೋಟೆಯ ಮೇಷ್ಟ್ರುಗಳು ಬೆಳೆದದ್ದು ಕಾರ್ಡು ಹಂಚಿದ್ದರಿಂದ ಅಲ್ಲ, ಕಾರ್ಡು ಬರೆದದ್ದರಿಂದ. ನಮಗೆ ಕಾರ್ಡು ಬಂತು, ಬರೆಯುವ ಕೆಲಸ ಬರಲಿಲ್ಲ. ಅವರು ಕೇಳಿಕೊಂಡ ಪ್ರಶ್ನೆಗಳಿಗೆ ಸಿಕ್ಕ ಉತ್ತರವನ್ನು ನಮಗೆ ಕೊಟ್ಟರು. ಪ್ರಶ್ನೆಗಳನ್ನು ಅಲ್ಲೇ ಇಟ್ಟುಕೊಂಡರು. ಕಾರ್ಡು ಕಳೆದರೆ ಮೇಷ್ಟ್ರ ಸಂಬಳದಲ್ಲಿ ಮುರಿದುಕೊಂಡಾರು ಎಂದು ಹೆದರಿ ಬೀರುವಿಗೆ ಬೀಗ ಹಾಕಿಟ್ಟ ಶಾಲೆಗಳನ್ನೂ ನಾನು ಕಂಡಿದ್ದೇನೆ.

ಸರ್ಕಾರವನ್ನು ಬೈಯುವುದು ಸುಲಭ. ಸಾವಿರಾರು ಶಾಲೆಗಳಿಗೆ ಒಂದೇ ಹೊತ್ತಿಗೆ ತಲುಪಿಸಬೇಕೆಂದರೆ ಅಚ್ಚು ಹಾಕದೆ ವಿಧಿಯಿಲ್ಲ. ಮಕ್ಕಳಿಗೆ ಅದರಿಂದ ಪ್ರಯೋಜನವಾಗಿದೆ ಎಂದೇ ನನ್ನ ಅಭಿಪ್ರಾಯ. ಒಂದನೇ ತರಗತಿಯ ಮಗು ಮೇಷ್ಟ್ರ ಹೆಗಲಿಗೆ ಆತುಕೊಂಡು ನಿಲ್ಲುವಷ್ಟು ಹೆದರಿಕೆ ಹೋಗಿದೆಯಲ್ಲ, ಅದೇ ದೊಡ್ಡದು. ನನ್ನ ತಕರಾರು ಮೇಷ್ಟ್ರ ಪಾಲಿನದು.

ಇದಕ್ಕೂ ಮುಂಚೆ ಇಂಥದೇ ಒಂದು ಅವಕಾಶ ನಮ್ಮ ಜಿಲ್ಲೆಗೆ ಬಂದಿತ್ತು. 1990ರ ದಶಕದ ನಡುವೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಮೊದಲ ಹಂತಕ್ಕೆ ಕರ್ನಾಟಕದಿಂದ ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಉಳಿದವು ಬೆಳಗಾವಿ, ಮಂಡ್ಯ, ರಾಯಚೂರು. ಆಗ ಜಿಲ್ಲೆ ಹನ್ನೊಂದು ತಾಲ್ಲೂಕಿನದು, ಗೌರಿಬಿದನೂರಿನಿಂದ ಮುಳಬಾಗಿಲಿನವರೆಗೆ. ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳ ಬಿಆರ್‌ಸಿ, ಸಿಆರ್‌ಸಿ ಎಂಬ ಹೆಸರುಗಳು ನಮ್ಮ ಕಿವಿಗೆ ಬಿದ್ದದ್ದು ಆಗಲೇ. ಚೈತನ್ಯ ತರಬೇತಿಗಳಲ್ಲಿ ಐವತ್ತು ದಾಟಿದ ಗಂಭೀರ ಹೆಡ್‌ಮೇಷ್ಟ್ರುಗಳು ವೃತ್ತ ಕಟ್ಟಿಕೊಂಡು ಕಾಗಕ್ಕ ಗುಬ್ಬಕ್ಕ ಹಾಡಿ ಕುಣಿದರು. ನಗಬೇಡಿ. ಕುಣಿದವರಲ್ಲಿ ಕೆಲವರು ತಿರುಗಿ ಬಂದು ಬೆತ್ತ ಬಿಸಾಡಿದರು. ಇನ್ನು ಕೆಲವರು ಹಾಡನ್ನು ಮಾತ್ರ ತಂದರು, ಬೆತ್ತ ಬಿಡಲಿಲ್ಲ. ಅವರ ತರಗತಿಯಲ್ಲಿ ಮಕ್ಕಳು ಹೆದರಿಕೊಂಡೇ ಹಾಡಿದರು.

ಆಮೇಲೆ ಬಂದ ತರಬೇತಿಗಳಿಗೆ ಲೆಕ್ಕವಿಲ್ಲ. ಗುರುಚೇತನ, ನಿಷ್ಠಾ, ಕಲಿಕಾ ಚೇತರಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆಗೆ ಕೊಡಬೇಕು ಎಂದಿದೆ. ಗಂಟೆಯಲ್ಲಿ ಅಳೆದರೆ ಆಗುವುದೇನು ಎಂದು ನೀವೇ ಬಲ್ಲಿರಿ. ಮೊಬೈಲಿನಲ್ಲಿ ವಿಡಿಯೋ ಓಡುತ್ತಿರುತ್ತದೆ, ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರುತ್ತದೆ, ಕೊನೆಗೆ ಪ್ರಮಾಣಪತ್ರ ಡೌನ್‌ಲೋಡ್ ಆಗುತ್ತದೆ. ಇಷ್ಟು ಸಾಕು ಇದರ ಬಗ್ಗೆ.

ಗೌನಿಪಲ್ಲಿಯ ತರಗತಿಗೆ ಹೋಗೋಣ. ಇಲ್ಲಿ ಒಂದನೇ ತರಗತಿಗೆ ಬರುವ ಮಗುವಿನ ಬಾಯಲ್ಲಿ ತೆಲುಗು. ಶ್ರೀನಿವಾಸಪುರ, ಮುಳಬಾಗಿಲು, ಬಾಗೇಪಲ್ಲಿ, ಚಿಂತಾಮಣಿ, ಇಡೀ ಗಡಿಯುದ್ದಕ್ಕೂ ಹೀಗೆಯೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, 2019-20ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾದ ಮೇಲೆ ಮೂರನೆಯದು. ಈ ಮಗುವಿಗೆ ಕಲಿಸುವ ಬಗೆ ಯಾವ ಡಿ.ಇಡಿ. ಪುಸ್ತಕದಲ್ಲೂ ಪಾಠವಾಗಿ ಇರಲಿಲ್ಲ, ನಾನು ಓದಿದ ಕಾಲಕ್ಕಂತೂ ಇರಲಿಲ್ಲ. ಪೋಸ್ಟಿಂಗ್ ಆದೇಶ ಹಿಡಿದು ಬಯಲುಸೀಮೆಯ ಆಚೆಯಿಂದ ಬಂದ ಹೊಸ ಮೇಷ್ಟ್ರು ಮೊದಲ ದಿನ ‘ನಿನ್ನ ಹೆಸರೇನು’ ಎಂದು ಕೇಳಿ ಉತ್ತರಕ್ಕೆ ಕಾಯುತ್ತಾ ನಿಂತರೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೇಷ್ಟ್ರು ‘ಈ ಮಕ್ಕಳು ದಡ್ಡರು’ ಎಂದು ಬರೆದುಕೊಂಡುಬಿಡಬಹುದು. ಎಷ್ಟೋ ಜನ ಬರೆದುಕೊಂಡರು, ವರ್ಗಾವಣೆ ತಗೊಂಡು ಹೋದರು.

ಇಲ್ಲೇ ನಿಂತವರು ಏನು ಮಾಡಿದರು ಎಂಬುದರಲ್ಲಿ ನನ್ನ ಕುತೂಹಲ ಇದೆ. ಮೊದಲ ವರ್ಷ ತರಗತಿಯಲ್ಲಿ ತೆಲುಗು ಮಾತಾಡಿದರೆ ಗದರುವುದು. ಆಮೇಲೆ ಕೇಳಿಸದವರ ಹಾಗೆ ಇರುವುದು. ನಾಲ್ಕೈದು ವರ್ಷಕ್ಕೆ ತಾವೇ ತೆಲುಗಿನಲ್ಲಿ ಸಮಾಧಾನ ಹೇಳುವುದು, ಆದರೆ ಪಾಠ ಮಾತ್ರ ಕನ್ನಡದಲ್ಲೇ. ಇನ್ನೂ ಉಳಿದವರು, ಕಲಿಯುವ ಆಸೆ ಇದ್ದವರು, ಅದರಿಂದಾಚೆಗೂ ಹೋದರು: ಮಗು ಮೊದಲು ತೆಲುಗಿನಲ್ಲಿ ಕಥೆ ಹೇಳಲಿ, ತರಗತಿ ಕೇಳಲಿ, ಆ ಕಥೆಯಿಂದಲೇ ಕನ್ನಡದ ವಾಕ್ಯಗಳು ಹುಟ್ಟಲಿ ಎಂದು ಬಿಟ್ಟರು. ಇದು ಒಬ್ಬ ಮೇಷ್ಟ್ರ ವೃತ್ತಿ ಬೆಳವಣಿಗೆಯ ಇಡೀ ಚಿತ್ರ. ಒಂದು ಪ್ರಮಾಣಪತ್ರವೂ ಇಲ್ಲದೆ ಆದ ಬೆಳವಣಿಗೆ.

ಎರಡು ಉದಾಹರಣೆ ಕೊಡುತ್ತೇನೆ. ಮೇಲೆ ಹೇಳಿದ ರ, ಗ, ಸ, ದ, ಅ ತೆಗೆದುಕೊಳ್ಳಿ. ಅಗಸ, ಅರಸ, ಗರಗಸ ಎಂದು ಅಚ್ಚಿನ ಕಾರ್ಡಿನಲ್ಲಿ ಓದಿದ ತೆಲುಗು ಮಗು ಸದ್ದು ಮಾಡುತ್ತದೆ, ಅರ್ಥ ಸಿಕ್ಕುವುದಿಲ್ಲ. ಅದೇ ಅಕ್ಷರಗಳಲ್ಲಿ ‘ದಸರ’ ಎಂದು ಒಂದು ಕಾರ್ಡು ಬರೆದು ಕೊಡಿ. ರಜೆ ಬರುವ ಹಬ್ಬ. ಯಾವ ಮನೆಯ ಮಗುವಿಗೂ ಬೇರೆ ಹೇಳಬೇಕಿಲ್ಲ. ಎರಡು ಮನೆಗೂ ಸಲ್ಲುವ ಇಂಥ ಪದಗಳನ್ನು ಹುಡುಕುತ್ತಾ ಹೋದರೆ ನಲಿ-ಕಲಿಯ ಪ್ರತಿ ಮೈಲುಗಲ್ಲಿಗೂ, ಅಂದರೆ ಪ್ರತಿ ಹಂತಕ್ಕೂ ನಾಲ್ಕಾರು ಸಿಗುತ್ತವೆ. ಇದು ಬೆಂಗಳೂರಿನಲ್ಲಿ ಕೂತವರಿಗೆ ಹೊಳೆಯುವ ಕೆಲಸ ಅಲ್ಲ, ಎಚ್.ಡಿ. ಕೋಟೆಯವರಿಗೂ ಅಲ್ಲ. ಗೌನಿಪಲ್ಲಿಯ ಮೇಷ್ಟ್ರೇ ಮಾಡಬೇಕು. ಕಾರ್ಡು ಬರೆಯಬೇಡಿ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ.

ಎರಡನೆಯದು ಲೆಕ್ಕದ್ದು. ಐದನೇ ತರಗತಿಯ ಹುಡುಗನಿಗೆ ಪುಸ್ತಕದ ಕಥಾಲೆಕ್ಕ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾನೆ. ಕೂಡುವುದೋ ಕಳೆಯುವುದೋ ಎಂದು ಮೇಷ್ಟ್ರ ಮುಖ ನೋಡಿ ಊಹಿಸುತ್ತಾನೆ. ಅದೇ ಹುಡುಗ ಅಪ್ಪನ ಜೊತೆ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕಿಕೊಂಡು ಹೋಗಿಬಂದವನು. 15 ಕೆ.ಜಿ. ಬಾಕ್ಸು ಇಷ್ಟು, ಹರಾಜಿನಲ್ಲಿ ಬಾಕ್ಸಿಗೆ ಕೂಗಿದ್ದು ಇಷ್ಟು, ಟೆಂಪೋ ಬಾಡಿಗೆ ಹೋಗಿ, ಹಮಾಲಿ ಹೋಗಿ ಕೈಗೆ ಬಂದದ್ದು ಎಷ್ಟು ಎಂದು ತೆಲುಗಿನಲ್ಲಿ ಕೇಳಿದರೆ ಬಾಯಲ್ಲೇ ಹೇಳುತ್ತಾನೆ. ಮಾವಿನ ಕಾಲದಲ್ಲಿ ಬಾದಾಮಿಗೆ ಒಂದು ಲೆಕ್ಕ, ತೋತಾಪುರಿಗೆ ಇನ್ನೊಂದು. ಟನ್ನಿನ ರೇಟಿನಿಂದ ಕ್ರೇಟಿನ ರೇಟು ತೆಗೆಯಬಲ್ಲ. ಇವನು ಗಣಿತದಲ್ಲಿ ಹಿಂದುಳಿದಿದ್ದಾನೆ ಎಂದು ಪ್ರಗತಿಪತ್ರದಲ್ಲಿ ಬರೆಯುವ ಮುಂಚೆ ಮೇಷ್ಟ್ರು ಒಂದು ಸಲ ಮಂಡಿಗೆ ಹೋಗಿಬರಬೇಕು. ಅವನಿಗೆ ಬಾರದಿರುವುದು ಲೆಕ್ಕವಲ್ಲ, ಲೆಕ್ಕವನ್ನು ಹೇಳಿರುವ ಕನ್ನಡ. ಕಾಯಿಲೆ ಯಾವುದೆಂದು ತಿಳಿಯದೆ ಇಲ್ಲದ ಕಾಯಿಲೆಗೆ ಮದ್ದು ಅರೆಯುತ್ತಾ, ಮಗ್ಗಿ ಉರುಹೊಡೆಸುತ್ತಾ ವರ್ಷ ಕಳೆಯುತ್ತೇವೆ.

ಮೇಷ್ಟ್ರ ವೃತ್ತಿಗುರಿ ಎಂದರೆ ನನ್ನ ಲೆಕ್ಕದಲ್ಲಿ ಇಷ್ಟು ಸಣ್ಣದಾಗಿರಬೇಕು. ‘ಗುಣಮಟ್ಟದ ಶಿಕ್ಷಣ ನೀಡುವುದು’ ಎಂಬುದು ಗುರಿಯಲ್ಲ, ಗೋಡೆಬರಹ. ‘ಈ ವರ್ಷ ನನ್ನ ನಾಲ್ಕನೇ ತರಗತಿಯವರು ಕಥಾಲೆಕ್ಕವನ್ನು ತಮ್ಮ ಮಾತಿನಲ್ಲಿ ಹೇಳಿ ಆಮೇಲೆ ಮಾಡುವಂತಾಗಬೇಕು’ ಎಂಬುದು ಗುರಿ. ಆಯಿತೇ ಇಲ್ಲವೇ ಎಂದು ಮಾರ್ಚಿನಲ್ಲಿ ಗೊತ್ತಾಗುತ್ತದೆ, ಯಾರೂ ಬಂದು ತಪಾಸಣೆ ಮಾಡಬೇಕಾಗಿಲ್ಲ.

ದೊಡ್ಡ ಗುರಿಯಿಟ್ಟವರೂ ಈ ಜಿಲ್ಲೆಯಲ್ಲೇ ಹುಟ್ಟಿದ್ದಾರೆ. ಡಾ. ಎಚ್. ನರಸಿಂಹಯ್ಯ, ನಮ್ಮೆಲ್ಲರ ಎಚ್.ಎನ್., 1920ರಲ್ಲಿ ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದರು. 1935ರಲ್ಲಿ ಹೈಸ್ಕೂಲು ಓದಲೆಂದು ಎಂಬತ್ತಕ್ಕೂ ಹೆಚ್ಚು ಕಿಲೋಮೀಟರು ನಡೆದುಕೊಂಡೇ ಬೆಂಗಳೂರಿಗೆ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮಾರನೆಯ ವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ ಹುಡುಗ ಇವರೇ. ಚಲೇಜಾವ್ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಬಂದು ಓದು ಮುಗಿಸಿದರು, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

ಇಷ್ಟು ಎಲ್ಲ ಭಾಷಣದಲ್ಲೂ ಬರುತ್ತದೆ. ನಾನು ನಿಲ್ಲುವುದು 1957ರಲ್ಲಿ. ಹತ್ತು ವರ್ಷಕ್ಕೂ ಮೇಲೆ ಪಾಠ ಹೇಳಿ ಹೆಸರಾದ ಮನುಷ್ಯ, ಮೂವತ್ತೇಳು ವಯಸ್ಸು. ನಮ್ಮಲ್ಲಿ ಆ ಹೊತ್ತಿಗೆ ಟಿಪ್ಪಣಿ ಹಳದಿಯಾಗಿ, ಜೋಕುಗಳು ಕೂಡ ವರ್ಷವರ್ಷ ಅದೇ ಪುಟಕ್ಕೆ ಬರುತ್ತಿರುತ್ತವೆ. ಎಚ್.ಎನ್. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ತಮಗಿಂತ ಚಿಕ್ಕವರ ಜೊತೆ ಬೆಂಚಿನ ಮೇಲೆ ಕೂತರು. 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ಉಳಿದಿದ್ದರೆ ಕೇಳುವವರಿರಲಿಲ್ಲ. ಅದೇ ಬಸವನಗುಡಿಗೆ ವಾಪಸು ಬಂದರು, ಪ್ರಾಂಶುಪಾಲರಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಊರಿನವರಿಗೆಲ್ಲ ವಿಜ್ಞಾನದ ಉಪನ್ಯಾಸಗಳ ಬಾಗಿಲು ತೆರೆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡಗಳನ್ನು ಪರಿಶೀಲಿಸುವ ಸಮಿತಿ ಮಾಡಿ ದೇಶದ ತುಂಬ ಸದ್ದಾದದ್ದು ಆಗಲೇ. ಆ ಕುರ್ಚಿಯಿಂದ ಇಳಿದ ಮೇಲೂ ಅವರ ವಾಸ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ, ವಿದ್ಯಾರ್ಥಿಗಳ ನಡುವೆ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಯಲು ದುಡಿದರು. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಮೇಷ್ಟ್ರಾಗಿಯೇ ಇದ್ದರು. ‘ಹೋರಾಟದ ಹಾದಿ’ ಅವರ ಆತ್ಮಕಥೆ, ಬಿ.ಇಡಿ. ಓದುವವರು ಮನೋವಿಜ್ಞಾನದ ಗೈಡುಗಳ ಜೊತೆ ಇದನ್ನೂ ಓದಿದರೆ ಒಳ್ಳೆಯದು.

ಬಡ್ತಿಗಳೆಲ್ಲ ಅವರಿಗೂ ಬಂದವು. ಬಂದ ನೆಂಟರನ್ನು ಕೂರಿಸಿ ಕಳಿಸಿದ ಹಾಗೆ ಅವನ್ನೂ ಕಳಿಸಿದರು, ಹುಡುಗರಿಂದ ದೂರ ಹೋಗಲಿಲ್ಲ. ಆದರೂ ಎಚ್.ಎನ್. ಅವರನ್ನು ಮುಂದಿಟ್ಟು ಹಳ್ಳಿಯ ಮೇಷ್ಟ್ರುಗಳನ್ನು ನಾಚಿಸುವ ಭಾಷಣಗಳು ನನಗೆ ಹಿಡಿಸುವುದಿಲ್ಲ. ಅವರಿಗೆ ಸಂಸಾರ ಇರಲಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಮನೆಯವರಿಗೆಲ್ಲ ಡಬ್ಬಿ ಕಟ್ಟಿ, ಚಿಂತಾಮಣಿಯಿಂದಲೋ ಶ್ರೀನಿವಾಸಪುರದಿಂದಲೋ ಬಸ್ಸು ಹಿಡಿದು, ಅದು ಬಿಟ್ಟಲ್ಲಿಂದ ಆಟೋಗೆ ಕಾದು, ಪ್ರಾರ್ಥನೆಗೆ ಮುಂಚೆ ಶಾಲೆ ಸೇರುವ ಮೇಡಂ ಒಬ್ಬರಿಗೆ ಒಹಾಯೋ ಕಥೆ ಹೇಳಿ ಏನು ಪ್ರಯೋಜನ? ಅವರ ಬೆಳವಣಿಗೆ ಶಾಲೆಯ ಹೊತ್ತಿನಲ್ಲೇ, ಶಾಲೆಯ ಒಳಗೇ ಆಗಬೇಕು. ಭಾನುವಾರ ಕೇಳಬೇಡಿ ಅವರನ್ನು.

ಅದಕ್ಕೆ ಜಾಗ ಈಗಾಗಲೇ ಇದೆ, ಸಿಆರ್‌ಸಿಯ ಸಮಾಲೋಚನಾ ಸಭೆ. ಸಭೆ ಸೇರುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಎಂ.ಆರ್. ಶ್ರೀನಿವಾಸಮೂರ್ತಿಯವರ ‘ರಂಗಣ್ಣನ ಕನಸಿನ ದಿನಗಳು’ ಓದಿದವರಿಗೆ ನೆನಪಿರಬಹುದು, ಆ ಇನ್‌ಸ್ಪೆಕ್ಟರು ರಂಗಣ್ಣ ಮೇಷ್ಟ್ರುಗಳ ಸಂಘದ ಸಭೆಗಳಿಗೆ ಎಷ್ಟು ಒತ್ತು ಕೊಡುತ್ತಾನೆ ಎಂದು. ಶ್ರೀನಿವಾಸಮೂರ್ತಿಗಳು ಸ್ವತಃ ಶಿಕ್ಷಣ ಇಲಾಖೆಯಲ್ಲಿ ದುಡಿದವರು, ಸಾಹೇಬರು ಬರುತ್ತಾರೆಂದರೆ ಹಳ್ಳಿಯ ಮೇಷ್ಟ್ರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಬಲ್ಲವರು. ಇವತ್ತಿನ ಸಮಾಲೋಚನೆ ಹೇಗಿದೆ? ಮಾಹಿತಿ ಕೇಳುತ್ತಾರೆ, ಮಾಹಿತಿ ಕೊಡುತ್ತೇವೆ, ನಮೂನೆ ತುಂಬುತ್ತೇವೆ, ಬೋಂಡ ಕಾಫಿ ಆಗುತ್ತದೆ. ಸಮಾಲೋಚನೆ ಒಂದು ಬಿಟ್ಟು.

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲದಿಂದ ಒಂದು ಪದ್ಧತಿ ಇದೆ. ನಾಲ್ಕಾರು ಮೇಷ್ಟ್ರುಗಳು ಕೂತು ಒಂದೇ ಒಂದು ಪಾಠವನ್ನು ತಿದ್ದಿ ತಿದ್ದಿ ಸಿದ್ಧಪಡಿಸುತ್ತಾರೆ. ಒಬ್ಬರು ತಮ್ಮ ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಗೋಡೆಗೆ ಒರಗಿ ನಿಂತು ನೋಡುತ್ತಾರೆ. ನೋಡುವುದು ಮೇಷ್ಟ್ರನ್ನಲ್ಲ, ಮಕ್ಕಳನ್ನು: ಯಾರು ಎಲ್ಲಿ ತಡವರಿಸಿದರು, ಯಾರು ಬೇರೆ ದಾರಿ ಹಿಡಿದರು? ಆಮೇಲೆ ಚರ್ಚೆ, ಪಾಠಕ್ಕೆ ಇನ್ನೊಂದು ತಿದ್ದುಪಡಿ, ಇನ್ನೊಬ್ಬರ ತರಗತಿ. ತಪ್ಪು ಪಾಠದ್ದಾಗುತ್ತದೆ, ಮೇಷ್ಟ್ರದ್ದಾಗುವುದಿಲ್ಲ. ಹಾಗಾಗಿ ಯಾರಿಗೂ ಮುಖಭಂಗ ಇಲ್ಲ. ನಮ್ಮಲ್ಲಿ ಇನ್ನೊಬ್ಬರು ತರಗತಿಯ ಒಳಗೆ ಬಂದರೆಂದರೆ ಅದು ತಪಾಸಣೆ, ಇಲ್ಲವೇ ದೂರು. ಸಹೋದ್ಯೋಗಿಯ ಪಾಠವನ್ನು ಸಹೋದ್ಯೋಗಿ ನೋಡದೆ ಇಡೀ ಸರ್ವೀಸು ಮುಗಿದುಹೋಗುವ ವೃತ್ತಿ ಬಹುಶಃ ನಮ್ಮದೊಂದೇ. ಹೊಸ ಗಾರೆಯವನು ಕೂಡ ಹಳಬನ ಪಕ್ಕ ನಿಂತು ಗೋಡೆ ಎಬ್ಬಿಸುತ್ತಾನೆ.

ತಿಂಗಳಿಗೆ ಒಂದು ಸಭೆ. ಮಾಹಿತಿ ವಾಟ್ಸಾಪಿನಲ್ಲಿ ಹೋಗಲಿ, ಹೇಗೂ ಹೋಗುತ್ತಿದೆ. ಸಭೆಯ ಹೊತ್ತನ್ನು ಒಂದು ಪಾಠಕ್ಕೆ ಬಿಡಿ. ಸಭೆ ನಡೆಯುವ ಶಾಲೆಯಲ್ಲೇ ಮಕ್ಕಳಿರುತ್ತಾರೆ. ಅವರ ಮುಂದೆ ಒಬ್ಬರು ಕಥಾಲೆಕ್ಕದ ಪಾಠ ಮಾಡಲಿ, ಉಳಿದವರು ಮಕ್ಕಳ ಪಕ್ಕ ಕೂರಲಿ, ತೆಲುಗಿನಲ್ಲಿ ಅವರು ಪಿಸುಗುಟ್ಟುವುದನ್ನು ಬರೆದುಕೊಳ್ಳಲಿ. ಒಂದು ವರ್ಷದ ಸಭೆಗಳು ಮುಗಿಯುವ ಹೊತ್ತಿಗೆ ಗೌನಿಪಲ್ಲಿ ಕ್ಲಸ್ಟರಿನದೇ ಒಂದು ಕಟ್ಟು ಕಾರ್ಡು ತಯಾರಾಗಿರುತ್ತದೆ, ಕೈಬರಹದ್ದು. ಅಚ್ಚು ಹಾಕಿಸಬೇಡಿ ಎಂಬುದೇ ನನ್ನ ಬೇಡಿಕೆ. ಪಕ್ಕದ ಕ್ಲಸ್ಟರಿನವರು ಕೇಳಿದರೆ ತೋರಿಸಿ, ಪ್ರತಿ ಕೊಡಬೇಡಿ. ಜಿಪುಣತನಕ್ಕೆ ಹೇಳುತ್ತಿಲ್ಲ. ಅವರ ಮಕ್ಕಳಿಗೆ ಅವರು ಬರೆದುಕೊಳ್ಳಬೇಕು, ಅಷ್ಟೇ.

ಕೊನೆಯದಾಗಿ ಈ ದತ್ತಿಯ ಬಡ್ಡಿಯ ವಿಷಯ. ಸಂಘಟಕರನ್ನು ಕೇಳಿಕೊಂಡೇ ಇದನ್ನು ಹೇಳುತ್ತಿದ್ದೇನೆ. ಉಪನ್ಯಾಸಕರ ಸಂಭಾವನೆ, ಹಾರ, ಫಲತಾಂಬೂಲಕ್ಕೆ ಎಂದು ತೆಗೆದಿಟ್ಟ ಹಣ ಈ ವರ್ಷ ನನಗೆ ಬೇಡ, ನಾನು ಸಾಕಷ್ಟು ಪಿಂಚಣಿ ತಿನ್ನುತ್ತಿದ್ದೇನೆ. ಆ ಹಣದಲ್ಲಿ ಒಂದು ಟೆಂಪೋ ಮಾಡಿ, ಒಂದನೇ ಮತ್ತು ಎರಡನೇ ತರಗತಿ ತೆಗೆದುಕೊಳ್ಳುವ ಹತ್ತು ಹನ್ನೆರಡು ಮಂದಿ ಮದನಪಲ್ಲಿ ಕಡೆ ಹೋಗಿ, ರಿಷಿ ವ್ಯಾಲಿಯ ಸುತ್ತಲಿನ ಆ ಹಳ್ಳಿ ಶಾಲೆಗಳ ಕೆಲಸವನ್ನು ಕಣ್ಣಾರೆ ನೋಡಿಬನ್ನಿ. ಎಚ್.ಡಿ. ಕೋಟೆಯವರು ರಾಜ್ಯದ ಆ ತುದಿಯಿಂದ ಬಂದು ನೋಡಿಹೋದರು. ನೀವು ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ನಿಮಗೆ ಅವರಿಗಿಲ್ಲದ ಇನ್ನೊಂದು ಅನುಕೂಲವೂ ಇದೆ, ಅಲ್ಲಿಯ ಕಾರ್ಡುಗಳ ತೆಲುಗು ನಿಮ್ಮ ಮಕ್ಕಳ ಮನೆಯ ತೆಲುಗೇ. ಮುಂಚೆಯೇ ಪತ್ರ ಬರೆದು ಒಪ್ಪಿಗೆ ಕೇಳಬೇಕು. ಬಿಇಒ ಸಾಹೇಬರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಒಂದು ದಿನದ ಓಓಡಿ, ಅಂದರೆ ಅನ್ಯಕಾರ್ಯ ನಿಮಿತ್ತದ ಅನುಮತಿ, ಕೊಡುವುದು ಅವರ ಕೈಯಲ್ಲಿದೆ. ಹೊರಡುವವರು ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಪುಸ್ತಕದಲ್ಲಿ ಹೆಸರು, ಶಾಲೆ ಬರೆದು ಹೋಗಿ. ಪತ್ರದ ಕರಡನ್ನು ನಾನೇ ಮಾಡಿಕೊಡುತ್ತೇನೆ.